ಕಾಕಾ, ಸೀಲ್ ಮತ್ತು ಒಂಬತ್ತು ಪಾಠ

ಹಾಲೂಡಿಸುವ ತಾಯಂದಿರ ವಿಷಯದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿಗೆ ಸೇರಿ ಒಬ್ಬನೇ ಪಂಡಿತನಿದ್ದಾನೆ. ಅವನು ನಮ್ಮ ಕಾಕಾ. ಅವನಿಗೆ ಮದುವೆಯಾಗಿಲ್ಲ. ಅಳುವ ಕೂಸನ್ನು ಯಾವ ಕಡೆಯಿಂದ ಎತ್ತಿಕೊಳ್ಳಬೇಕು ಎಂಬುದು ಅರವತ್ತೊಂದನೆಯ ವಯಸ್ಸಿನವರೆಗೂ ಅವನಿಗೆ ಗೊತ್ತಿರಲಿಲ್ಲ. ಆದರೂ ಅವನು ಪಂಡಿತನೇ. ಒಂದೇ ಒಂದು ಷರತ್ತು: ತಾಯಿ ದಕ್ಷಿಣ ಧ್ರುವದ ಹಿಮದ ಮೇಲೆ ಮಲಗಿರಬೇಕು, ಮತ್ತು ಅವಳಿಗೆ ಮೀಸೆ ಇರಬೇಕು.

ಕಾಕಾ ಅಂದರೆ ಅಪ್ಪನ ತಮ್ಮ. ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಗಾಜಿನ ಕಿಂಡಿಯ ಹಿಂದೆ ಕುಳಿತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ಮೈಕಿನಲ್ಲಿ ಕೂಗಿ ಹೇಳುವುದು ಅವನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಮೂಡಲಗಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದಾನೆ. ಆದರೆ ಅಷ್ಟು ವರ್ಷ ಬರೆದ ಕೈ ಸುಮ್ಮನೆ ಕೂರುತ್ತದೆಯೇ? ಹಾಲಿನವನು, ತರಕಾರಿ ಗಾಡಿ, ಎದುರು ಮನೆಯ ಅಜ್ಜನ ವಾಕಿಂಗು, ಎಲ್ಲಕ್ಕೂ ಅವನ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ದಾಖಲಾಗಿದೆ. ಹಾಲಿನವನು ಒಮ್ಮೆ ಬಾಯಿಬಿಟ್ಟು ಕೇಳಿದನಂತೆ: “ಯಜಮಾನ್ರ, ನಾ ಲೇಟಾದ್ರ ಪಗಾರ ಕಟ್ ಮಾಡ್ತೀರೇನ್ರಿ?”

ದಿನಚರಿಯಲ್ಲಿ ತಾರೀಖು, ನಿಮಿಷ ಬರೆದಿಡುವ ಚಟ ನನಗೆ ಅಂಟಿದ್ದು ಅವನಿಂದಲೇ. ಅವನ ಅಣ್ಣನ ಕಿರಿಮಗಳಾದ ನಾನು ಬಿ.ಕಾಂ. ಮುಗಿಸಿ ಗೋಕಾಕದ ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಲ್ಲಿ ಬರುವ ಅಂಕಿಗಳೆಲ್ಲ ನನ್ನ ದಿನಚರಿಯವು. ಅನುಮಾನ ಬೇಡ.

ಸೀಲ್ ಎಂಬ ಆ ಮೀಸೆಯ ಕಡಲಪ್ರಾಣಿ ಅವನಿಗೆ ಸಿಕ್ಕಿದ್ದು ಘಟಪ್ರಭಾದಲ್ಲಿ. ಘಟಪ್ರಭಾದಲ್ಲಿ ಸಮುದ್ರ ಎಲ್ಲಿಂದ ಬಂತು ಎನ್ನಬೇಡಿ, ಕಣ್ಣಿನ ಪೊರೆ ತೆಗೆಸಲು ಹೋಗಿದ್ದ. ಕಾಯುವ ಕೋಣೆಯ ಟಿವಿಯಲ್ಲಿ ದನಿಯಿಲ್ಲದೆ ಏನೋ ಕಾರ್ಯಕ್ರಮ ಬರುತ್ತಿತ್ತು. ಔಷಧ ಹಾಕಿದ ಕಣ್ಣಿಗೆ ಬಿಳಿ ಬಯಲಿನಲ್ಲಿ ಜೋಳದ ಚೀಲಗಳನ್ನು ಉರುಳಿಸಿಟ್ಟಂತೆ ಕಂಡಿತಂತೆ. ಅದರಲ್ಲಿ ಒಂದು ಚೀಲ ತಲೆ ಎತ್ತಿ ನೋಡಿತು. ಅದರ ಬಗಲಲ್ಲಿ ಸಣ್ಣ ಚೀಲವೊಂದು ಹಾಲು ಕುಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡ ಚೀಲ ತೆವಳುತ್ತಾ ಹೋಗಿ, ಹಿಮದಲ್ಲಿದ್ದ ಒಂದು ತೂತಿನೊಳಗೆ ಇಳಿದು ಕಾಣೆಯಾಯಿತು. ಸಣ್ಣ ಚೀಲ ತೂತಿನ ದಂಡೆಯಲ್ಲಿ ಕುಳಿತು ಕಾಯತೊಡಗಿತು. ಸರಿಯಾಗಿ ಆಗಲೇ ನರ್ಸ್ ಕಾಕಾನ ಹೆಸರು ಕರೆದಳು.

“ಒಂದ್ ಸ್ವಲ್ಪ ತಡೀವಾ ತಂಗಿ. ಅದು ಹೊಳ್ಳಿ ಬರತೈತೋ ಇಲ್ಲೋ ನೋಡೇ ಬರ್ತೇನಿ,” ಅಂದನಂತೆ.

“ಡಾಕ್ಟರ್ ಹೊಳ್ಳಿ ಹೊಂಟಾರ್ರಿ ಅಜ್ಜಾರ, ಬರ್ರಿ,” ಎಂದು ಅವಳು ಕೈ ಹಿಡಿದು ಎಬ್ಬಿಸಿಯೇ ಬಿಟ್ಟಳು.

ಅದು ತಿರುಗಿ ಬಂದದ್ದನ್ನು ಕಾಕಾ ನೋಡಲಿಲ್ಲ. ಹೋದ ಬಸ್ಸು ಬಂದದ್ದನ್ನು ಬರೆಯದೆ ಒಂದು ದಿನವೂ ಮನೆಗೆ ಹೋಗದ ಮನುಷ್ಯ. ಆ ವಾರವೆಲ್ಲ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದು ಕಣ್ಣನ್ನು ಫೋನಿಗೆ ಅಂಟಿಸಿಕೊಂಡು ಸೀಲುಗಳ ಹಿಂದೆ ಬಿದ್ದ. ಡಾಕ್ಟರು ಫೋನ್ ನೋಡಬೇಡಿ ಅಂದಿದ್ದರು. “ಆಪರೇಶನ್ ಆದ ಕಣ್ಣಿಗೆ ಅಂದಾರ, ಇದಕ್ಕಲ್ಲ,” ಎಂಬುದು ಅವನ ವಾದ. ಪಟ್ಟಿ ಬಿಚ್ಚುವ ಹೊತ್ತಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತುಂಬಿತ್ತು.

ಸರಿಯಾಗಿ ಅದೇ ಸಮಯದಲ್ಲಿ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ಗೋಕಾಕಕ್ಕೆ ತವರಿಗೆ ಬಂದಳು. ಡಿಸೆಂಬರ್ ನಾಲ್ಕರಂದು ಹೆಣ್ಣು ಕೂಸು ಹುಟ್ಟಿತು. ಐದರಂದು ಕಾಕಾ ಮೂಡಲಗಿಯಿಂದ ನೋಟ್‌ಬುಕ್ ಸಮೇತ ಬಂದಿಳಿದ. ಕೂಸನ್ನು ನೋಡಿ ಹೋಗಲು ಬಂದವನು ಎರಡೂವರೆ ತಿಂಗಳು ಉಳಿದ.

ಅಕ್ಕನ ಕಷ್ಟವನ್ನು ಇಲ್ಲಿ ಹೇಳಬೇಕು. ಅವಳು ಬಿ.ಎಡ್. ಕೊನೆಯ ವರ್ಷದಲ್ಲಿದ್ದಾಳೆ. ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಅಭ್ಯಾಸ ಪಾಠಗಳನ್ನು ಮಾಡಬೇಕು. ಒಂದೊಂದು ಪಾಠಕ್ಕೂ ಮೇಲ್ವಿಚಾರಕಿಯ ಸಹಿ ಬೀಳಬೇಕು. ಹೆರಿಗೆಗೆ ಮೊದಲು ಬಹಳಷ್ಟು ಮುಗಿಸಿದ್ದಳು, ಒಂಬತ್ತು ಉಳಿದಿದ್ದವು. ಫೆಬ್ರವರಿ ಮುಗಿದರೆ ಶಾಲೆಯಲ್ಲಿ ಪರೀಕ್ಷೆ ಶುರು, ಆಮೇಲೆ ಪಾಠಕ್ಕೆ ಮಕ್ಕಳು ಸಿಗುವುದಿಲ್ಲ. ಒಂಬತ್ತು ಪಾಠ ಹೋದರೆ ಇಡೀ ವರ್ಷ ಹೋದಂತೆ. ಅತ್ತ ಬಾಣಂತಿ ಮೂರು ತಿಂಗಳು ಹೊಸ್ತಿಲು ದಾಟಬಾರದು ಎಂಬುದು ನಮ್ಮ ಆಯಿಯ ಕಾನೂನು. ಆಯಿ ಅಂದರೆ ನಮ್ಮ ಅಜ್ಜಿ, ಕಾಕಾನ ತಾಯಿ. ನಮ್ಮ ಮನೆಯಲ್ಲಿ ಆಯಿಯ ಕಾನೂನಿನ ಮೇಲೆ ಅಪೀಲು ಇರಲಿಲ್ಲ. ಅವ್ವ, ಅಪ್ಪ ಇಬ್ಬರೂ ಕೊನೆಗೆ ಯಾರು ಮಾತಾಡಿದರೋ ಅವರ ಪಕ್ಷ.

ಜನವರಿ ಇಪ್ಪತ್ತಾರು, ಭಾನುವಾರ. ಘಟಪ್ರಭಾದಲ್ಲಿ ಅಂಗಡಿ ಇಟ್ಟುಕೊಂಡಿರುವ ಅಕ್ಕನ ಗಂಡ ವಾರದ ಭೇಟಿಗೆ ಬಂದಿದ್ದ. ಎಲ್ಲರೂ ಉಣ್ಣುತ್ತಿದ್ದರು. ಅಕ್ಕ ಪಾಠದ ಮಾತೆತ್ತಿದಳು, ಆಯಿ ಒಂದೇ ಮಾತಿನಲ್ಲಿ “ಬ್ಯಾಡ” ಅಂದಳು. ಕಾಕಾ ತಾಟಿನಲ್ಲಿ ಕೈ ತೊಳೆದು ನೋಟ್‌ಬುಕ್ ತೆರೆದ.

“ಹಾಲುಣಿಸೋ ಸೀಲ್ ಒಂದ್ ನಮೂನಿ ಇಲ್ಲಬೇ,” ಎಂದು ಆಯಿಯ ಕಡೆ ತಿರುಗಿದ. “ಒಂದು ಆನಿಸೀಲ್. ಮೊದಲ ಸಮುದ್ರದಾಗ ತಿಂದು ತಿಂದು ಮೈಯಾಗ ಕೊಬ್ಬು ತುಂಬಕೊಂಡು ದಂಡಿಗೆ ಬರತೈತಿ. ಹಡೀತೈತಿ. ಮರಿ ಹಾಲು ಬಿಡೂತನಕ ಒಂದ್ ಮೀನಾ ಮುಟ್ಟೂದಿಲ್ಲ, ಬಿದ್ದಲ್ಲೇ ಬಿದ್ದಿರತೈತಿ.”

“ಬಾಣಂತಿ ಅಂದ್ರ ಹಾಂಗ ಇರಬೇಕು,” ಎಂದು ಆಯಿಗೆ ಬಹಳ ಸಂತೋಷವಾಯಿತು.

“ಇನ್ನೊಂದು ತುಪ್ಪಳ ಸೀಲ್. ಹಡದು ಒಂದ್ ವಾರ ಆತಂದ್ರ ಮರೀನ ದಂಡ್ಯಾಗ ಬಿಟ್ಟು ಬೇಟಿಗೆ ಹೋಗತೈತಿ. ನಾಕೈದ ದಿನ ಬರೂದಿಲ್ಲ. ಬಂದು ಎರಡ ದಿನ ಕುಡಸತೈತಿ, ಮತ್ತ ಹೋಗತೈತಿ.”

“ನಾಕೈದ ದಿನ? ಕೂಸು ಏನ್ ತಿಂತೈತಿ?”

“ಏನೂ ಇಲ್ಲ. ಕಾಯ್ತೈತಿ.”

“ಎಂಥಾ ತಾಯಿ ಅದು. ಅದರ ಅತ್ತಿ ಏನೂ ಅನ್ನೂದಿಲ್ಲೇನು?”

“ಅತ್ತಿನೂ ಬೇಟಿಗೇ ಹೋಗಿರ್ತಾಳ್ಬೇ.”

ಅಕ್ಕನಿಗೆ ನಗು ಬಂತು. “ಗಂಡು ಸೀಲ್ ಏನ್ ಮಾಡತೈತಿ ಕಾಕಾ?” ಎಂದು ಕೇಳಿದಳು. ಕಾಕಾ ಒಮ್ಮೆ ಅಕ್ಕನ ಗಂಡನ ಕಡೆ ನೋಡಿದ. ಅವನು ನಾಲ್ಕನೆಯ ಸಲ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದ. “ಅದರ ಸುದ್ದಿ ನಾ ಭಾಳ ಬರಕೊಂಡಿಲ್ಲವಾ,” ಎಂದು ಮರ್ಯಾದೆಯಿಂದ ಪುಟ ತಿರುಗಿಸಿದ.

“ನಾ ಘಟಪ್ರಭಾದಾಗ ನೋಡಿದ್ದು ಇವೆರಡರ ನಡುವಿಂದು. ಮೊದಲ ಮೊದಲ ಮರಿ ಬಿಟ್ಟು ಅಲಗಾಡೂದಿಲ್ಲ. ಆಮ್ಯಾಲ ಮೈಯಾಗಿನ ಕೊಬ್ಬು ಸಾಲೂದಿಲ್ಲ ನೋಡು, ಹಿಮದಾಗಿನ ತೂತಿನಾಗ ಇಳೀತೈತಿ. ಇಪ್ಪತ್ತ ನಿಮಿಷ ಮುಳಗತೈತಿ, ಮೀನ ಹಿಡೀತೈತಿ, ಹೊಳ್ಳಿ ಬರತೈತಿ. ತೂತು ಹೆಪ್ಪುಗಟ್ಟಿ ಮುಚ್ಚಬಾರದಂತ ಹಲ್ಲಿಲೆ ಕೆರದು ಕೆರದು ಇಡತೈತಿ. ಅದರ ಹಾಲಿನಾಗ ಅರ್ಧಾ ಬರೇ ಕೊಬ್ಬು.”

“ಅರ್ಧಾ ಕೊಬ್ಬು? ಕರದಂಟು ತಿನ್ನಲಾರದ?” ಆಯಿ ನಂಬಲಿಲ್ಲ. ಅಂಟು, ಕೊಬ್ಬರಿ, ಉತ್ತತ್ತಿ ಇಲ್ಲದೆ ಹಾಲು ದಪ್ಪವಾಗುವುದು ಅವಳ ಅನುಭವಕ್ಕೆ ಹೊರತಾದದ್ದು. ಆದರೆ ಆ ಮೀಸೆಯ ತಾಯಿಯ ಬಗ್ಗೆ ಅವಳಿಗೆ ಒಂಚೂರು ಗೌರವ ಹುಟ್ಟಿದ್ದನ್ನು ನಾನು ಗಮನಿಸಿದೆ. “ಥಂಡ್ಯಾಗ ಕಿವಿಗೆ ಅರಿವಿನೂ ಕಟಗೊಳ್ಳೂದಿಲ್ಲೇನು?” ಎಂದು ಕೇಳಿದಳು.

ಒಂದು ವಾರ ಈ ವಾದ ನಡೆಯಿತು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಸೀಲ್ ಎಂಬ ಶಬ್ದ ಇನ್ನೂರಾ ಹದಿನಾಲ್ಕು ಸಲ ಬಂದಿದೆ. ಕೊನೆಗೆ ಆಯಿ ಒಂದು ಪ್ರಯೋಗಕ್ಕೆ ಒಪ್ಪಿದಳು. ಫೆಬ್ರವರಿ ಮೂರರಂದು ಅಕ್ಕ ಮುಂಜಾನೆ ಹತ್ತರಿಂದ ಒಂದರವರೆಗೆ ಮೂರು ಓಣಿ ಆಚೆ ಗೆಳತಿಯ ಮನೆಯಲ್ಲಿ ಕುಳಿತಿರಬೇಕು. ಕೂಸು ಸುಮ್ಮನಿದ್ದರೆ ಹುಕ್ಕೇರಿಗೆ ಹೋಗಬಹುದು.

ಕಾಕಾ ಗೋಡೆಗೆ ವೇಳಾಪಟ್ಟಿ ಅಂಟಿಸಿದ. ಅಕ್ಕ ಹಾಲು ಹಿಂಡಿ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟಳು. ಕೂಸಿಗೆ ಕುಡಿಸಲು ಮೂತಿಯಿರುವ ಬೆಳ್ಳಿಯ ಒಳಲೆ ತೊಳೆದಿಟ್ಟೆವು. ಕಾಕಾನ ಮುಖ್ಯ ಆಯುಧ ಬೇರೆಯೇ ಇತ್ತು. ತುಪ್ಪಳ ಸೀಲ್ ನೂರಾರು ಮರಿಗಳ ನಡುವೆ ತನ್ನದನ್ನು ಮೊದಲು ಕೂಗಿನಿಂದ, ಆಮೇಲೆ ಮೂಸಿ ನೋಡಿ ಗುರುತು ಹಿಡಿಯುತ್ತದಂತೆ. ಆದ್ದರಿಂದ ಅಕ್ಕ ಎರಡು ದಿನ ಉಟ್ಟ ಸೀರೆಯನ್ನು ಒಗೆಯದೆ ಕೂಸಿಗೆ ಸುತ್ತಬೇಕು. ತಾಯಿಯ ವಾಸನೆ ಬಂದರೆ ಕೂಸು ತಾಯಿ ಇದ್ದಾಳೆಂದೇ ತಿಳಿಯುತ್ತದೆ. ಈ ಶಾಸ್ತ್ರದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಹತ್ತು ಗಂಟೆಗೆ ಅಕ್ಕ ಹೊರಟಳು. ಹತ್ತೂ ಇಪ್ಪತ್ತಕ್ಕೆ ಕೂಸು ಎದ್ದಿತು. ಕಾಕಾ ಸೀರೆ ಸುತ್ತಿದ. ಅದು ಒಮ್ಮೆ ಮೂಗು ಅರಳಿಸಿ ಉಸಿರೆಳೆದುಕೊಂಡು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುವಂತೆ ಕಿರುಚಿತು. ಒಳಲೆಯಿಂದ ಹದಿನೈದು ಸಲ ಹಾಲು ಹಾಕಿದೆವು. ನಾಲ್ಕು ಒಳಗೆ ಹೋಯಿತು, ಹನ್ನೊಂದು ಹೊರಗೆ ಬಂತು. ಆ ಹನ್ನೊಂದರಲ್ಲಿ ಏಳು ಕಾಕಾನ ಅಂಗಿಯ ಮೇಲೆ. ಕಾಕಾ ಫೋನಿನಲ್ಲಿ ತಾಯಿ ಸೀಲಿನ ಕೂಗು ಹಾಕಿದ. ಕೂಸು ದಿಗಿಲುಬಿದ್ದು ಹನ್ನೊಂದು ಸೆಕೆಂಡು ಸುಮ್ಮನಾಯಿತು, ಆಮೇಲೆ ಎರಡರಷ್ಟು ಜೋರಾಗಿ ಶುರುಮಾಡಿತು. ಬಾಜೂ ಮನೆಯವರು ಬಂದು, “ಎಮ್ಮಿ ಈಯಾಕತ್ತೈತೇನ್ರಿ?” ಎಂದು ಕೇಳಿ ಹೋದರು.

ಹನ್ನೆರಡೂ ಹತ್ತಕ್ಕೆ ಅಕ್ಕ ಓಡಿಬಂದು ಕೂಸನ್ನು ಕಸಿದುಕೊಂಡಳು. ಕಾಕಾ ಸೋತ ಮುಖದಲ್ಲಿ ಸೀರೆಯನ್ನು ಎತ್ತಿ ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ.

“ಬೇ, ಈ ಸೀರಿ ಒಗದೀಯೇನು?”

“ಒಗೀಲಾರದ ಏನ್ ಮಾಡ್ಲಿ? ಎರಡ ದಿನ ಉಟ್ಟ ಮೈಲಿಗಿ ಸೀರಿ ಕೂಸಿಗಿ ಸುತ್ತತಾರೇನು? ಬಿಸಿನೀರಾಗ ಒಗದು, ಲೋಬಾನ, ಅಜಿವಾನ ಹಾಕಿ ಚೊಲೋ ಹೊಗಿ ಕೊಟ್ಟೇನಿ.”

ತಾಯಿಯ ವಾಸನೆ ಬರಬೇಕಾದ ಸೀರೆಯಲ್ಲಿ ಮಠದ ವಾಸನೆ ಬರುತ್ತಿತ್ತು. ಪಾಪ, ಕೂಸಿನದೇನು ತಪ್ಪು? ಧ್ರುವದ ಸೀಲುಗಳಿಗೆ ಹಿಮ ಇದೆ, ಬಿರುಗಾಳಿ ಇದೆ, ತಿನ್ನಲು ಬರುವ ತಿಮಿಂಗಿಲವಿದೆ. ಆದರೆ ಮರಿಗೆ ಹೊಗೆ ಕೊಡುವ ಅಜ್ಜಿ ಒಬ್ಬಳಿಲ್ಲ ಎಂಬುದನ್ನು ಕಾಕಾ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಕಾಕಾ ಅಂಗಿ ಬದಲಿಸಿ ಬಂದು ಕುಳಿತ. “ತಪ್ಪು ಸೀಲ್ ಹಿಡದಿದ್ದೆ,” ಅಂದ. “ತುಪ್ಪಳ ಸೀಲಿನ ಲೆಕ್ಕ ನಮಗ ಹತ್ತೂದಿಲ್ಲ. ನಮ್ದು ತೂತಿನ ಸೀಲ್. ಮರಿ ದೂರ ಇರಬಾರದು, ತೂತಿನ ದಂಡ್ಯಾಗ ಇರಬೇಕು.”

“ತೂತು ಎಲ್ಲೈತಿ ಕಾಕಾ?” ಅಂದೆ.

“ಹುಕ್ಕೇರಿ ಬಸ್‌ಸ್ಟ್ಯಾಂಡಿನಾಗ.”

ಯೋಜನೆ ಹೀಗಿತ್ತು. ಕೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಅಕ್ಕ, ಕಾಕಾ, ನಾನು ಮೂವರೂ ಮುಂಜಾನೆಯ ಬಸ್ಸಿಗೆ ಹುಕ್ಕೇರಿಗೆ ಹೋಗುವುದು. ಬಸ್‌ಸ್ಟ್ಯಾಂಡಿನಲ್ಲಿ ವಿದ್ಯಾರ್ಥಿಗಳಿಗೆ ಪಾಸು ಕೊಡುವ ಸಣ್ಣ ಕೋಣೆ ಈ ದಿನಗಳಲ್ಲಿ ಖಾಲಿ ಇರುತ್ತದೆ, ನಾನೂ ಕಾಕಾನೂ ಅಲ್ಲಿ ಕೂಸಿನೊಂದಿಗೆ ಕೂರುವುದು. ಅಕ್ಕ ಶಾಲೆಗೆ ಹೋಗುವ ಮುಂಚೆ ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಸಂಜೆ ಒಮ್ಮೆ ಕುಡಿಸುವುದು. ನೆಟ್ಟಗೆ ಶಾಲೆಗೇ ಕೂಸನ್ನು ಒಯ್ಯಬಾರದೇ ಎಂದು ಅವ್ವ ಕೇಳಿದಳು. ಅಕ್ಕನೇ ಒಪ್ಪಲಿಲ್ಲ. “ಅದು ಅತ್ತದ್ದು ಕಿವಿಗೆ ಬಿತ್ತಂದ್ರ ನನ್ನ ತಲ್ಯಾಗಿನ ಪಾಠೆಲ್ಲ ಹಾರಿಹೋಗತೈತಿ. ಸಹಿ ಬೀಳೂದಿಲ್ಲ,” ಅಂದಳು.

ಆಯಿ ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದಳು, ಆದರೆ ಈ ಸಲ “ಬ್ಯಾಡ” ಅನ್ನಲಿಲ್ಲ. ಆರನೆಯ ತಾರೀಖು ಮುಂಜಾನೆ ನಾವು ಹೊರಟಾಗ ಬಾಗಿಲಿಗೆ ಬಂದು ಕೂಸಿನ ಹಣೆಗೆ ಕಾಡಿಗೆ ಬೊಟ್ಟಿಟ್ಟಳು. ಆಮೇಲೆ ಕಾಕಾನನ್ನು ಹತ್ತಿರ ಕರೆದು ಅವನ ಹಣೆಗೂ ಒಂದು ಇಟ್ಟಳು. “ಎರಡೂ ಕೂಸುಗಳನ್ನ ಜ್ವಾಕಿಲೆ ಕರಕೊಂಡ ಬಾ,” ಎಂದು ನನಗೆ ಹೇಳಿ ಒಳಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಈಗಿನ ಕಂಟ್ರೋಲರ್ ಕಾಕಾನ ಕೈಕೆಳಗೇ ಕೆಲಸ ಕಲಿತವರು. ಕೋಣೆಯ ಕೀಲಿ ಕೊಡುತ್ತಾ, “ಸಾಹೇಬ್ರ, ಈ ಸಣ್ಣ ಸಾಹೇಬ್ರ ಟ್ರಿಪ್ಪೂ ನನ್ನ ಪುಸ್ತಕದಾಗ ಬರೀಲೇನ್ರಿ?” ಅಂದರು.

“ಬ್ಯಾಡ. ಅದಕ್ಕ ಬ್ಯಾರೆ ಸಿಬ್ಬಂದಿ ಐತಿ,” ಎಂದು ಕಾಕಾ ನನ್ನ ಕಡೆ ತೋರಿಸಿದ.

ನನ್ನ ಪುಸ್ತಕದಲ್ಲಿ ಆರು ಕಾಲಮ್ಮುಗಳಿದ್ದವು. ಅಕ್ಕ ಬಂದ ಹೊತ್ತು, ಹೋದ ಹೊತ್ತು, ಕೂಸು ಕುಡಿದ ನಿಮಿಷ, ಅತ್ತ ನಿಮಿಷ, ಮಲಗಿದ ನಿಮಿಷ, ಬದಲಿಸಿದ ಬಟ್ಟೆ. ಲೆಕ್ಕ ಅದ್ಭುತವಾಗಿ ಹೊಂದಿತು. ಊಟದ ಬಿಡುವು ಮೂವತ್ತೈದು ನಿಮಿಷ. ಶಾಲೆಯಿಂದ ಹೋಗಿಬರುವ ನಡಿಗೆ ಹದಿನಾರು. ಕೂಸು ಕುಡಿಯುವುದು ಹದಿನೇಳು. ಎರಡು ನಿಮಿಷ ಉಳಿತಾಯವೆಂದು ಕಾಕಾ ಎದೆಯುಬ್ಬಿಸಿದ.

ಮೊದಲ ಪಾಠದ ದಿನ ಕಾಕಾ ಕೂಸನ್ನು ಎತ್ತಿಕೊಂಡದ್ದು ತೂಕದ ಪಾರ್ಸಲ್ ಹಿಡಿದಂತೆ, ಎರಡೂ ಕೈ ಮುಂದೆ ಚಾಚಿ. ಮೂರನೆಯ ದಿನಕ್ಕೆ ಅದು ಅವನ ಹೆಗಲಿಗೆ ಬಂತು. ನಾಲ್ಕನೆಯ ದಿನ ಕೂಸು ಎಷ್ಟು ಮಾಡಿದರೂ ಅಳು ನಿಲ್ಲಿಸಲಿಲ್ಲ. ಕಾಕಾ ಅದನ್ನೆತ್ತಿಕೊಂಡು ಅಂಕಣದಲ್ಲಿ ಅಡ್ಡಾಡುತ್ತಾ, ಏನು ಹಾಡಬೇಕೋ ತಿಳಿಯದೆ, ತನಗೆ ಬರುವ ಒಂದೇ ಪದ್ಯವನ್ನು ಮೆಲ್ಲಗೆ ಹೇಳತೊಡಗಿದ: “ಹುಕ್ಕೇರಿಯಿಂದ ಸಂಕೇಶ್ವರ, ನಿಡಸೋಸಿ ಕಡೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ...” ಕೂಸು ಬಾಯಿ ತೆರೆದುಕೊಂಡು ಕೇಳಿತು. ಘಟಪ್ರಭಾದ ಬಸ್ಸು ಹೊರಡುವಷ್ಟರಲ್ಲಿ ನಿದ್ದೆ ಹೋಯಿತು. ಸಮೀಪ ನಿಂತಿದ್ದ ಇಬ್ಬರು ಹೆಂಗಸರು ಗಂಟುಮೂಟೆ ಎತ್ತಿಕೊಂಡು ಮೂರನೇ ಅಂಕಣಕ್ಕೆ ಓಡಿದರು. ಅಲ್ಲಿ ಬಸ್ಸೇ ಇರಲಿಲ್ಲ. ಅವರಿಗೆ ಸಮಾಧಾನ ಹೇಳಲು ಒಂಬತ್ತು ನಿಮಿಷ ಹಿಡಿಯಿತು. ಅದಕ್ಕೆ ನನ್ನಲ್ಲಿ ಕಾಲಮ್ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ.

ಆರು, ಏಳು, ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ಏಳು ತಾರೀಖು, ಏಳು ಪಾಠ, ಏಳು ಸಹಿ. ಅಕ್ಕ ಬಿಡುವಿಗೆ ಬರುವಾಗ ಸೀಮೆಸುಣ್ಣದ ಕೈಯಲ್ಲೇ ಓಡಿ ಬರುತ್ತಿದ್ದಳು. ಕೋಣೆಯಲ್ಲಿ ಅವಳು ಕುಡಿಸುವಾಗ ಕಾಕಾ ಹೊರಗೆ ನಿಂತು ಗಡಿಯಾರ ನೋಡುತ್ತಿದ್ದ, ನಾನು ಬಾಗಿಲು ಎಳೆದುಕೊಂಡು ಕೂರುತ್ತಿದ್ದೆ. “ಉಂಡೀಯೇನ ಅಕ್ಕಾ?” ಎಂದು ಒಂದೆರಡು ಸಲ ಕೇಳಿದ್ದೆ. “ಸಾಲ್ಯಾಗ ಉಂಡೇ ಬಂದೇನಿ,” ಅನ್ನುತ್ತಿದ್ದಳು. ಸಂಜೆ ಅವಳ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಅವ್ವ ತೊಳೆಯಲು ತೆಗೆದುಕೊಳ್ಳುವಾಗ ನಾನೇ ನೋಡಿದ್ದೇನೆ.

ಹದಿನೇಳನೆಯ ತಾರೀಖು, ಎಂಟನೆಯ ಪಾಠ. ಮಧ್ಯಾಹ್ನ ಮೂರು ಇಪ್ಪತ್ತಕ್ಕೆ, ಬರಬೇಕಾದ ಹೊತ್ತಿಗಿಂತ ಒಂದು ಗಂಟೆ ಮೊದಲೇ, ಮೇಲ್ವಿಚಾರಕಿ ಮೇಡಂ ಅಕ್ಕನ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆತಂದರು. ಅಕ್ಕನ ತುಟಿ ಬಿಳುಚಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತಿದ್ದಳು. ಕುಳಿತಲ್ಲೇ ಪಾಠ ಮುಗಿಸಿದ್ದಳು. ಮೇಡಂ ಸಹಿ ಹಾಕಿದ್ದರು.

“ಇಕಿ ಮಧ್ಯಾಹ್ನ ಏನೂ ತಿನ್ನೂದಿಲ್ಲ, ನಿ‍ಮಗ ಗೊತ್ತೈತೇನ್ರಿ?” ಎಂದು ಮೇಡಂ ಕಾಕಾನನ್ನು ಕೇಳಿದರು. “ಡಬ್ಬಿ ಜೊತಿ ಹುಡುಗ್ಯಾರಿಗಿ ಕೊಟ್ಟು ಓಡಿ ಬರ್ತಾಳಂತ. ಇವತ್ತ ಒಂದ ದಿನ ಅಲ್ಲ, ಎಂಟೂ ದಿನ. ನಮಗೂ ಈಗ ಗೊತ್ತಾತು.”

ಮೂವತ್ತೈದರಲ್ಲಿ ಹದಿನಾರು ಕಳೆದು, ಹದಿನೇಳು ಕಳೆದು, ಉಳಿದ ಎರಡು ನಿಮಿಷದಲ್ಲಿ ಯಾರಾದರೂ ಹೇಗೆ ಉಣ್ಣಬೇಕು? ಮುಂಜಾನೆ ಏಳಕ್ಕೆ ಚಹಾ ಕುಡಿದು ಹೊರಟವಳು ಸಂಜೆ ಆರಕ್ಕೆ ಮನೆ ಸೇರಿ ಉಣ್ಣುತ್ತಿದ್ದಳು. ಈ ಕಳೆಯುವ ಲೆಕ್ಕವನ್ನು ನಾನು ಮಾಡಿದ್ದೆ, ಉತ್ತರವನ್ನೂ ಬರೆದಿದ್ದೆ, ಅದರ ಕೆಳಗೆ ಉಳಿತಾಯ ಎಂದು ಗೆರೆ ಎಳೆದಿದ್ದೆ. ಬಿ.ಕಾಂ. ಮಾಡಿದವಳು ನಾನು.

“ಯಾಕ ಹೇಳಲಿಲ್ಲ?” ಎಂದು ಬಸ್ಸಿನಲ್ಲಿ ಕೇಳಿದೆ.

“ಹೇಳಿದ್ರ ಮರುದಿನ ಕಳಸ್ತಿದ್ರೇನು?” ಅಂದಳು ಅಕ್ಕ.

ಮನೆಯಲ್ಲಿ ಅವ್ವ ಅತ್ತಳು. ಇನ್ನು ಸಾಕು, ಒಂದು ಪಾಠ ಹೋದರೆ ಹೋಗಲಿ, ಮುಂದಿನ ವರ್ಷ ನೋಡಿದರಾಯಿತು ಎಂದು ಅಪ್ಪ ಅಂದ. ಅಕ್ಕ ಕೂಸಿಗೆ ಕುಡಿಸುತ್ತಾ ಗೋಡೆಗೆ ಒರಗಿ ಕುಳಿತಿದ್ದಳು. “ಒಂದ ಉಳದೈತಿ. ನಾಳೆ ಮಾಡೇ ಮಾಡ್ತೇನಿ,” ಎಂದು ಅಷ್ಟೇ ಹೇಳಿದಳು. ಎಲ್ಲರೂ ಆಯಿಯ ಮುಖ ನೋಡಿದರು.

ಮಾತಾಡಿದ್ದು ಕಾಕಾ. ನೋಟ್‌ಬುಕ್ ಅವನ ತೊಡೆಯ ಮೇಲಿತ್ತು, ತೆರೆದಿರಲಿಲ್ಲ.

“ತಪ್ಪು ನಂದು,” ಅಂದ. “ಅದು ತೂತಿನಾಗ ಇಳಿಯೂದು ಯಾತಕ್ಕ? ತಿನ್ನಾಕ. ತಾ ತಿನ್ನಾಕ. ಇನ್ನೂರ ಪುಟ ಅದನ್ನ ಬರದೇನಿ. ಹುಕ್ಕೇರ್ಯಾಗ ಮರಿ ಎಷ್ಟ ಕುಡೀತು, ಎಷ್ಟ ಅತ್ತಿತು ಅಂತ ನೋಡಕೋತ ಕುಂತೆ. ತಾಯಿ ಎಲ್ಲಿ ತಿಂದಳು ಅಂತ ನೋಡಲಿಲ್ಲ.”

ಅಷ್ಟು ದಿನಗಳಲ್ಲಿ ಅವನು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಯಿ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮುಂಜಾನಿ ಬಸ್ ಎಷ್ಟಕ್ಕೈತಿ?” ಎಂದು ಕೇಳಿದಳು.

“ಏಳೂ ಹದಿನೈದಕ್ಕ. ಯಾಕಬೇ?”

“ನಾನೂ ಬರ್ತೇನಿ.”

ಮೊಣಕಾಲು ನೋವಿನಿಂದ ಆಯಿ ನಾಲ್ಕು ವರ್ಷದಿಂದ ಬಸ್ಸು ಹತ್ತಿರಲಿಲ್ಲ. ಮರುದಿನ ಕಾಕಾ ಮತ್ತು ಕಂಡಕ್ಟರ್ ಸೇರಿ ಅವಳನ್ನು ಎತ್ತಿ ಹತ್ತಿಸಿದರು. ಮಡಿಲಲ್ಲಿ ದೊಡ್ಡ ಡಬ್ಬಿ ಇತ್ತು, ಯಾರ ಕೈಗೂ ಕೊಡಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡಿದಳು, ಒಮ್ಮೆ ಮಾತ್ರ ಕಾಕಾನನ್ನು ಕೇಳಿದಳು: “ದಿನಾ ಇಷ್ಟ ದೂರ ಬರ್ತಿದ್ರೇನು?”

ಒಂಬತ್ತನೆಯ ಪಾಠ ಊಟದ ಬಿಡುವಿನ ನಂತರ ಇತ್ತು. ಅದು ಮುಗಿಯಿತು, ಒಂಬತ್ತನೆಯ ಸಹಿಯೂ ಬಿತ್ತು, ಅಕ್ಕನ ವರ್ಷ ಉಳಿಯಿತು. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮುಂಚಿನ ಬಿಡುವಿನ ಹೊತ್ತನ್ನು.

ಆ ದಿನ ನಮ್ಮ ಕೋಣೆ ಸಿಗಲಿಲ್ಲ. ಪಾಸು ಕಳೆದುಕೊಂಡ ವಿದ್ಯಾರ್ಥಿಗಳಿಗೆ ಬೇರೆ ಪಾಸು ಕೊಡಲು ಗುಮಾಸ್ತರು ಬಂದು ಕುಳಿತಿದ್ದರು, ಹೊರಗೆ ಸಾಲು ನಿಂತಿತ್ತು. ಪಾರ್ಸಲ್ ಕೋಣೆಯ ಹಿಂದಿನ ಮೂಲೆಯಲ್ಲಿ ಒಂದು ಕಲ್ಲುಬೆಂಚು ಮಾತ್ರ ಇತ್ತು, ಎದುರಿಗೇ ಜನ ಓಡಾಡುತ್ತಿದ್ದರು. ಅಕ್ಕ ಎಂಟು ನಿಮಿಷದ ದಾರಿಯನ್ನು ಆರಕ್ಕೆ ಓಡಿ ಬಂದು ನಿಂತಳು, ಸುತ್ತ ನೋಡಿದಳು. ಕಾಕಾ ಚೀಲದಿಂದ ಹಾಸುವ ದುಪ್ಪಟಿ ತೆಗೆದ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ತಲೆಗಿಂತ ಮೇಲೆತ್ತಿ, ನಮಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತುಬಿಟ್ಟ.

ದುಪ್ಪಟಿಯ ಈಚೆ ಅಕ್ಕ ಕೂಸನ್ನು ಎದೆಗೆ ಹಚ್ಚಿಕೊಂಡಳು. ಆಯಿ ಅವಳ ಪಕ್ಕದಲ್ಲಿ ಕುಳಿತು ಡಬ್ಬಿ ತೆರೆದಳು. ಬಿಳಿಜೋಳದ ರೊಟ್ಟಿ, ಸಬ್ಬಸಗಿ ಪಲ್ಲೆ, ತುಪ್ಪ, ಬೆಳ್ಳುಳ್ಳಿ ಹಾಕಿದ ಕೊಬ್ಬರಿ ಖಾರ. ರೊಟ್ಟಿ ಮುರಿದು ಪಲ್ಲೆ ಹಚ್ಚಿ ತುತ್ತು ಮಾಡಿ ಅಕ್ಕನ ಬಾಯಿಗೆ ಹಿಡಿದಳು.

“ಆಯಿ, ನಾ ತಿಂತೇನಿ ಕೊಡು.”

“ನಿನ್ನ ಕೈ ಖಾಲಿ ಇಲ್ಲ. ಬಾಯಿ ತೆಗಿ.”

ಅಕ್ಕ ಬಾಯಿ ತೆರೆದಳು. ಕೂಸು ಒಂದು ಕಡೆ ಗುಟುಕು ಗುಟುಕಾಗಿ ಕುಡಿಯುತ್ತಿತ್ತು, ಅಕ್ಕ ಇತ್ತ ತುತ್ತು ತುತ್ತಾಗಿ ತಿನ್ನುತ್ತಿದ್ದಳು. ಕೂಸು ನಡುವೆ ಒಮ್ಮೆ ನಿಲ್ಲಿಸಿ ಆಯಿಯ ಕೈಯನ್ನೇ ನೋಡಿತು. “ನಿಂದು ನಿನಗ, ಇಕಿದು ಇಕಿಗಿ,” ಎಂದು ಆಯಿ ಅದಕ್ಕೆ ತಿಳಿಹೇಳಿದಳು. ಯಾರಿಗೂ ಅವಸರವಿಲ್ಲದ ಹಾಗೆ, ಮನೆಯ ಪಡಸಾಲೆಯಲ್ಲಿ ಕುಳಿತ ಹಾಗೆ, ಎರಡನೆಯ ರೊಟ್ಟಿ ಮುರಿದಳು.

ನಾನು ಎದ್ದು ಕಾಕಾನ ಬಳಿ ಹೋದೆ. ಸಂಕೇಶ್ವರದ ಬಸ್ಸು ಬಂತು, ಹೋಯಿತು. ಗೋಕಾಕದ್ದು ಬಂತು, ಹೋಯಿತು. ಅವನು ಗಡಿಯಾರ ನೋಡಿರಲಿಲ್ಲ, ನೋಡಲು ಕೈಯೂ ಖಾಲಿ ಇರಲಿಲ್ಲ. ಮೇಲೆತ್ತಿದ ತೋಳುಗಳು ನಡುಗುತ್ತಿದ್ದವು, ದುಪ್ಪಟಿಯ ಅಂಚೂ ನಡುಗುತ್ತಿತ್ತು. ಹಣೆಯ ಬೆವರು ಆಪರೇಶನ್ ಆದ ಕಣ್ಣಿಗೆ ಇಳಿಯುತ್ತಿತ್ತು.

“ಕಾಕಾ, ನನ್ನ ಕೈಯಾಗ ಕೊಡು. ನಾ ಹಿಡೀತೇನಿ,” ಅಂದೆ.

ಅವನು ತಿರುಗಿ ನೋಡಲಿಲ್ಲ.

“ಬ್ಯಾಡವಾ,” ಅಂದ. “ಅಕಿ ಇನ್ನೊಂದ ರೊಟ್ಟಿ ತಿನ್ನಲಿ.”